ಟೈಗರ್ ಮಾತ್ ಮಾಡೆಲ್ ಕಿಟ್: ವಿಮಾನ ಚೆನ್ನಾಗಿದೆ, ದಾರ ನೀವೇ ತರಬೇಕು

ಟೈಗರ್ ಮಾತ್ ಅಂದರೆ ಒಂದರ ಮೇಲೊಂದು ರೆಕ್ಕೆಯಿರುವ ಹಳೆಯ ಬ್ರಿಟಿಷ್ ತರಬೇತಿ ವಿಮಾನ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೊಂಡ ಅದರ 1:72 ಅಳತೆಯ ಕಿಟ್ ಇದು. ಜೋಡಿಸಿದರೆ ರೆಕ್ಕೆಯ ಅಗಲ 12 ಸೆಂ.ಮೀ. ಚಿಲ್ಲರೆ.

ನನಗೆ ತುಂಬಾ ಹಿಡಿಸಿದ್ದು ಮೇಲಿನ ರೆಕ್ಕೆ. ಕೆಳಗಿನದಕ್ಕಿಂತ ಮುಂದಿದೆ, ತುದಿಗಳು ಹಿಂದಕ್ಕೆ ವಾಲಿವೆ. ಸುಮ್ನೆ ಚಂದಕ್ಕಲ್ಲ. ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಶಿಕ್ಷಕ ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಲು ಜಾಗ ಬೇಕಲ್ವಾ? ಅದಕ್ಕೇ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ತಳ್ಳಿದರು. ಸಮತೋಲ ತಪ್ಪದಿರಲಿ ಅಂತ ತುದಿಗಳನ್ನು ಹಿಂದಕ್ಕೆ ಎಳೆದರು. ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯಂಚಿನಲ್ಲಿರುವ ಮಡಚುವ ಪಟ್ಟಿ) ಇರುವುದು ಕೆಳರೆಕ್ಕೆಯಲ್ಲಿ ಮಾತ್ರ. ಕಿಟ್‌ನಲ್ಲಿ ಇದೆಲ್ಲ ಸರಿಯಾಗಿದೆ.

ಇತಿಹಾಸದ ವಿಷಯದಲ್ಲಿ ಜಿಪುಣತನ. 1931ರಲ್ಲಿ ಮೊದಲ ಹಾರಾಟ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ ನಮ್ಮ ಪೈಲಟ್‌ಗಳೂ ಇದರಲ್ಲೇ ಹಾರಲು ಕಲಿತರು. ಆಮೇಲೆ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಇದರ ಜಾಗಕ್ಕೆ ಬಂತು. ಒಂದು ಸಾಲು ಹಾಕಿದ್ದರೆ ಗಂಟೇನು ಹೋಗ್ತಿತ್ತು?

ರೆಕ್ಕೆಗಳ ನಡುವಿನ ತಂತಿಗೆ ದಾರ ಕೊಟ್ಟಿಲ್ಲ. ಟೈಲರ್ ಹತ್ತಿರ ಬೂದು ನೂಲು ತಂದು ಚಿಮಟದಲ್ಲಿ ಎಳೆದು ಕಟ್ಟಿದೆ. ನಮ್ಮ ಆಷಾಢದ ಥಂಡಿಗೆ ಬೆಳಿಗ್ಗೆ ಹಚ್ಚಿದ ಹಳದಿ ಬಣ್ಣ ರಾತ್ರಿಗೂ ಅಂಟಂಟು. ಮಲೆನಾಡಿನವರು ಬೇಸಿಗೆಯಲ್ಲಿ ಕೈಹಾಕಿ. ಚಿಕ್ಕ ಮಕ್ಕಳಿಗೆ ಬೇಡ, ತುಂಡುಗಳು ಜಾಸ್ತಿ ಸಣ್ಣವು.