ಕನಾಲ್ ದು ಮಿದಿ ದಂಡೆಯ ಸೈಕಲ್ ಪ್ರಯಾಣ: ಮೊದಲ 50 ಕಿಲೋಮೀಟರ್ ನೋಡಿ ಉಳಿದ ದಾರಿಯನ್ನು ನಂಬಬೇಡಿ

ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಕಾಲುವೆಯ ದಂಡೆ ಹಿಡಿದು ಗ್ರಾವೆಲ್ ಸೈಕಲ್ಲಿನಲ್ಲಿ (ಜಲ್ಲಿ, ಮಣ್ಣಿನ ದಾರಿಗೆಂದು ಮಾಡಿದ ಸೈಕಲ್) ಹೋಗಬೇಕೆಂದುಕೊಂಡವರು, ಕೋಣೆ ಮತ್ತು ರೈಲು ಕಾದಿರಿಸುವ ಮೊದಲೇ ಈ ಬರಹವನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಉದ್ಯೋಗದ ನಿಮಿತ್ತ ತುಲೂಸ್‌ನಲ್ಲಿರುವ ನಾನು, ಬೆಂಗಳೂರಿನಿಂದ ಬಂದಿದ್ದ ಗೆಳೆಯನ ಜೊತೆ ಏಪ್ರಿಲ್ ಕೊನೆಯ ವಾರದಲ್ಲಿ ಈ ಪ್ರಯಾಣಕ್ಕೆ ಹೊರಟೆ. ಐದು ದಿನಕ್ಕೆ ಮುಗಿಯಬೇಕಿದ್ದ ಪ್ರಯಾಣ ಮೂರನೆಯ ದಿನ ಮಧ್ಯಾಹ್ನವೇ ನಿಂತಿತು. ಕಾಲುವೆಯ ಮೇಲೆ ನನಗೆ ದೂರಿಲ್ಲ. ಆ ದಾರಿಯ ನಿಜಸ್ಥಿತಿಯನ್ನು ತಿಳಿಯದೆ ಹೊರಟದ್ದರಿಂದ ಹೀಗಾಯಿತು.

ಕನಾಲ್ ದು ಮಿದಿ ಸುಮಾರು 240 ಕಿಲೋಮೀಟರ್ ಉದ್ದದ ಕಾಲುವೆ. ಪಿಯೆರ್-ಪೋಲ್ ರಿಕೆ ಎಂಬವರ ನೇತೃತ್ವದಲ್ಲಿ, ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1666ರಿಂದ 1681ರವರೆಗೆ ಇದನ್ನು ತೋಡಿದರು. ರಿಕೆ ಮಾತ್ರ ಉದ್ಘಾಟನೆಯನ್ನು ನೋಡದೆ 1680ರಲ್ಲಿಯೇ ತೀರಿಕೊಂಡರು. 1996ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಡೀ ಕಾಲುವೆಯ ಅತಿ ಎತ್ತರದ ಜಾಗವಾದ ನೊರೂಝ್ ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಮಾತ್ರ ಮೇಲಿದೆ. ದಾರಿ ಸಮತಟ್ಟು ಎಂದು ಎಲ್ಲರೂ ಹೇಳುವುದು ಆದ್ದರಿಂದಲೇ, ಅದು ಸುಳ್ಳೂ ಅಲ್ಲ. ಆದರೆ ಸಮತಟ್ಟು ಎಂದರೆ ಸುಲಭ ಎಂದು ನಾನು ತಿಳಿದುಕೊಂಡೆ. ದೋಣಿಗಳನ್ನು ಕುದುರೆಗಳಿಂದ ಎಳೆಸುವುದಕ್ಕಾಗಿ ಮಾಡಿದ ದಾರಿ ಅದು ಎಂಬುದನ್ನೂ, ಬಹುಭಾಗ ಇಂದಿಗೂ ಮಣ್ಣಿನ ದಾರಿಯಾಗಿಯೇ ಉಳಿದಿದೆ ಎಂಬುದನ್ನೂ ಗಮನಿಸಲಿಲ್ಲ.

ಮೊದಲ ತಪ್ಪು ಸೈಕಲ್ ಬಾಡಿಗೆಗೆ ಪಡೆಯುವಾಗಲೇ ಆಯಿತು. ಸಮುದ್ರದವರೆಗೂ ಹೋಗುತ್ತೇವೆ ಎಂದು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿದ್ದೆವು. ಗ್ರಾವೆಲ್ ಸೈಕಲ್ ಎಂದು ಹೇಳಿ ಅವರು ಕೊಟ್ಟ ಸೈಕಲ್ಲುಗಳ ಟೈರು 35 ಮಿಲಿಮೀಟರ್ ಅಗಲದ್ದು, ಮೇಲ್ಮೈ ಬಹುತೇಕ ನುಣುಪು. ಮೇಲೆ ಪೂರ್ಣ ಉದ್ದದ ಮಡ್‌ಗಾರ್ಡ್ ಹಾಕಿದ್ದರಿಂದ ಟೈರಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ರಿಪೇರಿ ಚೀಲದಲ್ಲಿ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಪ್ಲಾಸ್ಟಿಕ್ ಮೀಟುಗೋಲು, ಒಂದು ಪಂಪು, ಇಷ್ಟೇ ಇದ್ದವು. ಒಬ್ಬೊಬ್ಬರಿಂದ 300 ಯೂರೋ ಮುಂಗಡ ಠೇವಣಿ ಹಿಡಿದುಕೊಂಡರು. ಸೈಕಲ್ಲಿನ ಸ್ಥಿತಿಯನ್ನು ಕಾಗದದಲ್ಲಿ ಬರೆಸಿಕೊಳ್ಳಲಿಲ್ಲ, ಫೋಟೋವನ್ನೂ ತೆಗೆದುಕೊಳ್ಳಲಿಲ್ಲ.

ಶನಿವಾರ ತುಲೂಸ್‌ನಿಂದ ಪೋರ್-ಲೊರಗೇವರೆಗಿನ ಸುಮಾರು 50 ಕಿಲೋಮೀಟರ್ ದಾರಿ ನಯವಾದ ಡಾಂಬರಿನದು. ಎರಡೂ ಬದಿ ಪ್ಲೇನ್ ಎಂಬ ಜಾತಿಯ ಮರಗಳ ನೆರಳು, ತಳ್ಳುಬಂಡಿಯಲ್ಲಿ ಕೂಸುಗಳನ್ನು ಕೂರಿಸಿಕೊಂಡು ಅಡ್ಡಾಡುವ ತಾಯಂದಿರು, ನೀರಿನ ಮಟ್ಟ ಏರಿಳಿಸಿ ದೋಣಿಗಳನ್ನು ದಾಟಿಸುವ, ಬಾಗಿಲುಳ್ಳ ಕಟ್ಟೆಗಳಾದ ಲಾಕ್‌ಗಳಲ್ಲಿ ನೀರೇರಿಸಿಕೊಂಡು ನಿಧಾನವಾಗಿ ಮುಂದೆ ಸಾಗುವ ದೋಣಿಗಳು. ಹೊಸದಾಗಿ ಸೈಕಲ್ ಕಲಿತವರೂ ಇಲ್ಲಿ ಧೈರ್ಯವಾಗಿ ಹೋಗಬಹುದು, ಅವರಿಗೆ ನಾನೇ ಶಿಫಾರಸು ಮಾಡುತ್ತೇನೆ. ಆದರೆ ಜಿಲ್ಲೆಯ ಗಡಿ ದಾಟಿ ಓದ್ ಜಿಲ್ಲೆಗೆ ಹೊಕ್ಕಲ್ಲಿಗೆ ಆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಮುಂದೆ ಕೆಲವೆಡೆ ಗಟ್ಟಿಯಾಗಿ ಕುಟ್ಟಿದ ಜಲ್ಲಿ, ಕೆಲವೆಡೆ ಹುಲ್ಲಿನ ನಡುವೆ ಒಂದೇ ಟೈರು ಹಿಡಿಸುವಷ್ಟು ಸಣ್ಣ ಗೆರೆ. ಒಣಗಿದ್ದಾಗ ಅದೂ ತೊಂದರೆಯಲ್ಲ, ಅಂದು ಸಂಜೆ ಕಾಸ್ತೆಲ್ನೊದಾರಿ ಊರನ್ನು ನೆಮ್ಮದಿಯಾಗಿಯೇ ತಲುಪಿದೆವು.

ರಾತ್ರಿಯಿಡೀ ಮಳೆ ಸುರಿಯಿತು.

ಕಾಸ್ತೆಲ್ನೊದಾರಿ ಸುತ್ತಲಿನ ಲೊರಗೇ ಸೀಮೆಯ ನೆಲ ಜೇಡಿಮಣ್ಣಿನದು. ನಮ್ಮ ಧಾರವಾಡ, ಗದಗ ಕಡೆಯ ಎರೆ ಹೊಲದಲ್ಲಿ ಮಳೆ ಬಂದ ಮರುದಿನ ನಡೆದವರಿಗೆ ಆ ಮಣ್ಣಿನ ಗುಣವನ್ನು ವಿವರಿಸಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಟೈರಿನ ಸುತ್ತ ಮೆತ್ತಿದ ಕೆಸರು ಮಡ್‌ಗಾರ್ಡಿನೊಳಗೆ ಗಿಡಿದುಕೊಂಡು ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಿಂದ ಕೆರೆದು ತೆಗೆಯುವುದು, ನೂರು ಮಾರು ಹೋಗುವುದು, ಮತ್ತೆ ಕೆರೆಯುವುದು. ಆಗಲೇ ದಂಡೆ ಬಿಟ್ಟು, ಪಕ್ಕದಲ್ಲೇ ಸಾಗುವ ಜಿಲ್ಲಾ ರಸ್ತೆ ಹಿಡಿಯಬೇಕಿತ್ತು. ಕಾಲುವೆಯ ಪ್ರಯಾಣವೆಂದರೆ ಕಾಲುವೆಯ ದಂಡೆಯಲ್ಲೇ ಆಗಬೇಕೆಂಬ ನನ್ನ ಹಟದಿಂದ ಅದು ಆಗಲಿಲ್ಲ.

ಕಾರ್ಕಸೋನ್ ದಾಟಿ ತ್ರೆಬ್ ಊರಿನ ಹತ್ತಿರಕ್ಕೆ ಬಂದಾಗ ಬೇರುಗಳ ಕಾಟ ಹೆಚ್ಚಾಯಿತು. ಪ್ಲೇನ್ ಮರಗಳ ಬೇರು ದಾರಿಗೆ ಅಡ್ಡಲಾಗಿ ನೆಲದ ಮೇಲೆದ್ದು ಬಂದಿರುತ್ತದೆ, ನೆರಳಿನಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ, ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. 2006ರಲ್ಲಿ ಮೊದಲು ಇಲ್ಲಿ ಪತ್ತೆಯಾದ ಒಂದು ಶಿಲೀಂಧ್ರ ರೋಗದಿಂದ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಕಡಿದ ಕಡೆ ನೆರಳೂ ಇಲ್ಲ, ಮರ ಉಳಿದ ಕಡೆ ಬೇರು ತಪ್ಪಿದ್ದಲ್ಲ. ಓರೆಯಾಗಿ ಬಿದ್ದಿದ್ದ ಒಂದು ಬೇರಿನ ಮೇಲೆ ನನ್ನ ಮುಂದಿನ ಚಕ್ರ ಜಾರಿ, ನಾನು ಸೈಕಲ್ ಸಮೇತ ಬಲಕ್ಕೆ ಬಿದ್ದೆ. ನೀರಿಗೂ ನನಗೂ ನಡುವೆ ಒಂದು ಮೊಳವೂ ಇರಲಿಲ್ಲ. ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಫೋನು ಹಾರಿ ಕಾಲುವೆಗೆ ಬಿತ್ತು. ಕಾಲುವೆಯ ಆಳ ಸುಮಾರು ಎರಡು ಮೀಟರ್, ನೀರು ಕದಡಿದ ಹಸಿರು ಬಣ್ಣದ್ದು, ಅಂಚು ಕಡಿದಾಗಿದ್ದು ಹಿಡಿದು ಮೇಲೆ ಬರಲು ಆಸರೆ ಸಿಗುವುದು ಕಡಿಮೆ. ಭಾರದ ಚೀಲ ಬೆನ್ನಿಗಿದ್ದು ನಾನೇ ಅದರಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯೋಚಿಸುತ್ತೇನೆ. ಈಜು ಬಾರದವರು ಈ ಭಾಗದಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋಗಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅಂಗೈ ಚರ್ಮ ಕಿತ್ತುಹೋದದ್ದು ಬಿಟ್ಟರೆ ನನಗೆ ಹೆಚ್ಚಿನ ಪೆಟ್ಟಾಗಿರಲಿಲ್ಲ. ನಿಜವಾದ ಪೆಟ್ಟು ಸೈಕಲ್ಲಿಗೆ ಬಿದ್ದಿತ್ತು, ಅದು ನನಗೆ ತಿಳಿಯಲಿಲ್ಲ. ಹಿಂದಿನ ಗೇರು ಬದಲಿಸುವ ಡಿರೇಲರ್ ಇರುವುದು ಬಲಭಾಗದಲ್ಲಿ. ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಪುಟ್ಟ ತುಂಡನ್ನು, ಪೆಟ್ಟು ಬಿದ್ದಾಗ ಫ್ರೇಮಿನ ಬದಲು ತಾನೇ ಬಾಗಲಿ ಎಂದು ಮೆತುವಾದ ಲೋಹದಲ್ಲಿ ಮಾಡಿರುತ್ತಾರೆ. ಬಲಕ್ಕೆ ಬಿದ್ದಾಗ ನನ್ನ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಅಂದು ಸಂಜೆಯಿಂದ ಹಿಂದಿನ ದೊಡ್ಡ ಹಲ್ಲುಚಕ್ರಗಳ ಗೇರಿಗೆ ಬಂದಾಗಲೆಲ್ಲ ಟಿಕ್ ಟಿಕ್ ಸದ್ದು ಬರುತ್ತಿತ್ತು. “ನಿಲ್ಲಿಸು ಮಾರಾಯ, ಹಿಂದಿನಿಂದ ಒಂದು ಸಲ ನೋಡೋಣ” ಎಂದು ಗೆಳೆಯ ಎರಡು ಬಾರಿ ಹೇಳಿದ. ಕೆಸರಿನ ಸದ್ದು, ತೊಳೆದರೆ ಹೋಗುತ್ತದೆ ಎಂದು ನಾನು ಮುಂದುವರಿದೆ. ಆ ಸದ್ದು, ಡಿರೇಲರ್ ಹಿಂದಿನ ಚಕ್ರದ ಕಡ್ಡಿಗಳಿಗೆ ತಾಗುತ್ತಿದ್ದ ಸದ್ದು. ಸೋಮವಾರ ಪರಾಝಾ ಎಂಬ ಹಳ್ಳಿಯ ಆಚೆ, ದಂಡೆ ಬದಲಿಸಲು ಹಳೆಯ ಕಮಾನು ಸೇತುವೆಯೊಂದನ್ನು ಏರುವಾಗ ಅತಿ ಹಗುರದ ಗೇರಿಗೆ, ಅಂದರೆ ಕಡ್ಡಿಗಳಿಗೆ ಅತಿ ಹತ್ತಿರದ ದೊಡ್ಡ ಹಲ್ಲುಚಕ್ರಕ್ಕೆ, ಹಾಕಿದೆ. ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿಕೊಂಡು ಹ್ಯಾಂಗರ್ ಮುರಿಯಿತು, ಮೂರು ಕಡ್ಡಿ ತುಂಡಾದವು, ಚೈನು ತಿರುಚಿಕೊಂಡಿತು.

ಅದು ನಡೆದ ಜಾಗವೂ ಗಮನಿಸಬೇಕಾದದ್ದು. ಅರ್ಜೆನ್ಸ್ ಲಾಕ್‌ನಿಂದ ಬೆಝಿಯೇ ಊರಿನ ಫೊನ್ಸೆರಾನ್ ಲಾಕ್ ಮೆಟ್ಟಿಲುಗಳವರೆಗೆ ಸುಮಾರು 54 ಕಿಲೋಮೀಟರ್ ಕಾಲುವೆ ಒಂದೇ ಮಟ್ಟದಲ್ಲಿ, ಗುಡ್ಡಗಳನ್ನು ಬಳಸುತ್ತ ಹರಿಯುತ್ತದೆ. ನಡುವೆ ಒಂದೂ ಲಾಕ್ ಇಲ್ಲ, ಆದ್ದರಿಂದ ಸಹಾಯ ಕೇಳಲು ಲಾಕ್ ಕಾಯುವವರೂ ಇರುವುದಿಲ್ಲ. ದ್ರಾಕ್ಷಿತೋಟಗಳ ನಡುವೆ ಸೈಕಲ್ ತಳ್ಳುತ್ತ ಎರಡು ಗಂಟೆ ನಡೆದೆವು. ಸಿಕ್ಕಿದ ಹಳ್ಳಿಯಲ್ಲಿ ಮಧ್ಯಾಹ್ನದ ವಿರಾಮಕ್ಕೆಂದು ಅಂಗಡಿ ಮುಚ್ಚಿತ್ತು. ಸುಮಾರು 20 ಕಿಲೋಮೀಟರ್ ದೂರದ ನಾರ್ಬೋನ್‌ನ ಸೈಕಲ್ ಅಂಗಡಿಗಳಿಗೆ ಗೆಳೆಯನ ಫೋನಿನಿಂದ ಕರೆ ಮಾಡಿದರೆ, ಸೋಮವಾರವಾದ್ದರಿಂದ ಯಾರೂ ಎತ್ತಲಿಲ್ಲ. ಫ್ರಾನ್ಸಿನಲ್ಲಿ ಭಾನುವಾರ ತೆರೆದವರು, ಶನಿವಾರ ದುಡಿದವರು ಸೋಮವಾರ ಬಾಗಿಲು ಹಾಕುವುದು ಸಾಮಾನ್ಯ. ಕೊನೆಗೆ ದ್ರಾಕ್ಷಿತೋಟದ ವಯಸ್ಸಾದ ರೈತರೊಬ್ಬರು ನಮ್ಮನ್ನೂ ಸೈಕಲ್ಲುಗಳನ್ನೂ ತಮ್ಮ ವ್ಯಾನಿಗೆ ಹಾಕಿಕೊಂಡು ನಾರ್ಬೋನ್ ನಿಲ್ದಾಣಕ್ಕೆ ಬಿಟ್ಟರು, ಹಣ ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಅವರ ಉಪಕಾರವನ್ನು ನಾನು ಮರೆಯಲಾರೆ.

ತುಲೂಸ್‌ಗೆ ಮರಳಿದ ಮೇಲೆ ಬಾಡಿಗೆ ಅಂಗಡಿಯವರು ಡಿರೇಲರ್, ಚಕ್ರ, ಚೈನುಗಳ ಜೊತೆಗೆ ಫ್ರೇಮಿನ ಹಳೆಯ ಗೀರುಗಳ ಲೆಕ್ಕವನ್ನೂ ಹಚ್ಚಿ ನನ್ನ ಠೇವಣಿಯ 300 ಯೂರೋವನ್ನೂ ಪೂರ್ತಿ ಇಟ್ಟುಕೊಂಡರು. ಗೀರುಗಳು ಮೊದಲೇ ಇದ್ದವೆಂದು ತೋರಿಸಲು ನನ್ನ ಬಳಿ ಒಂದು ಚಿತ್ರವೂ ಇರಲಿಲ್ಲ.

ಹೋಗುವವರಿಗೆ ಹೇಳಬೇಕಾದದ್ದು ಇಷ್ಟು. ನೊರೂಝ್‌ನಿಂದ ಆಚೆಗೆ ಹೋಗುವುದಾದರೆ ಕನಿಷ್ಠ 40 ಮಿಲಿಮೀಟರ್ ಅಗಲದ, ಹಲ್ಲಿರುವ ಟೈರು ಬೇಕೆಂದು ಪಟ್ಟು ಹಿಡಿಯಿರಿ, ಮಡ್‌ಗಾರ್ಡ್ ತೆಗೆಸಿ. ನೀವು ಪಡೆದ ಸೈಕಲ್ಲಿಗೆ ಹೊಂದುವ ಬಿಡಿ ಹ್ಯಾಂಗರ್ ಕೊಡಲು ಒಪ್ಪದ ಅಂಗಡಿಯಿಂದ ಬಾಡಿಗೆಗೆ ತೆಗೆದುಕೊಳ್ಳಬೇಡಿ. ಒಂದು ಮಾದರಿಯ ಹ್ಯಾಂಗರ್ ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ ದಾರಿಯಲ್ಲಿ ಅದು ಸಿಗುವ ಭರವಸೆ ಇಲ್ಲ. ಚೈನು ಬಿಚ್ಚುವ ಉಪಕರಣವೂ ಜೊತೆಗಿರಲಿ. ಟ್ಯೂಬು ಕನಿಷ್ಠ ಎರಡಾದರೂ ಇರಬೇಕು, ಏಕೆಂದರೆ ನಮ್ಮ ಬಯಲುಸೀಮೆಯ ಬದುಗಳಲ್ಲಿ ಕಾಲಿಗೆ ಚುಚ್ಚುವ ಅದೇ ನೆಗ್ಗಿಲ ಮುಳ್ಳು ಮೆಡಿಟರೇನಿಯನ್ ಕಡೆಯ ಒಣ ದಾರಿಗಳಲ್ಲಿಯೂ ಬೆಳೆಯುತ್ತದೆ. ಸೈಕಲ್ ಬಲಕ್ಕೆ ಬಿದ್ದರೆ ಹತ್ತುವ ಮೊದಲು ಸೈಕಲ್ಲಿನ ಹಿಂದೆ ನಿಂತು ಬಾಗಿ, ಡಿರೇಲರ್ ಗೇರಿನ ಹಲ್ಲುಗಳಿಗೆ ನೇರವಾಗಿ ತೂಗುತ್ತಿದೆಯೇ ಎಂದು ನೋಡಿ. ಓರೆಯಾಗಿದ್ದರೆ ಅತಿ ಹಗುರದ ಗೇರನ್ನು ಮುಟ್ಟಬೇಡಿ. ಫೋನು, ಪಾಸ್‌ಪೋರ್ಟುಗಳನ್ನು ಹ್ಯಾಂಡಲ್ಲಿಗೆ ಸಿಕ್ಕಿಸದೆ ಜಿಪ್ ಇರುವ ಜೇಬಿನಲ್ಲಿಡಿ. ಅಪಾಯವಾದರೆ 112ಕ್ಕೆ ಕರೆ ಮಾಡಿ. ದಿನಗಳನ್ನು ಲೆಕ್ಕ ಹಾಕುವಾಗ, ಲಾಕ್‌ಗಳಿಲ್ಲದ ಆ 54 ಕಿಲೋಮೀಟರ್ ಭಾನುವಾರವಾಗಲಿ ಸೋಮವಾರವಾಗಲಿ ಬರದಂತೆ ನೋಡಿಕೊಳ್ಳಿ. ಮಳೆ ಬಂದ ಮರುದಿನ ಒಂದು ದಿನ ಕಾಸ್ತೆಲ್ನೊದಾರಿಯಲ್ಲೋ ಕಾರ್ಕಸೋನ್‌ನಲ್ಲೋ ಉಳಿಯಿರಿ, ಉಳಿಯಲು ಆಗದಿದ್ದರೆ ರೈಲಿನಲ್ಲಿ ಮುಂದಿನ ಊರಿಗೆ ಹೋಗಿ. ತುಲೂಸ್, ಕಾಸ್ತೆಲ್ನೊದಾರಿ, ಕಾರ್ಕಸೋನ್, ನಾರ್ಬೋನ್ ನಾಲ್ಕೂ ಒಂದೇ ರೈಲು ಮಾರ್ಗದಲ್ಲಿವೆ.