ಕೊನೆಯ ಸಾಲಿಗೆ ಯಾರು? ಹೈಕ್ರಾಸ್, ಎಕ್ಸ್‌ಯುವಿ 700 ಮತ್ತು ಕ್ಯಾರೆನ್ಸ್

ದೊಡ್ಡ ಕುಟುಂಬಕ್ಕೆ ಮೂರು ಸಾಲಿನ ಕಾರು ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಎಂಜಿನ್ನಿನದಲ್ಲ, ಕೊನೆಯ ಸಾಲಿನಲ್ಲಿ ದಿನವೂ ಕೂರುವವರು ಯಾರು ಎಂಬುದು.

ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಇನ್ನೋವಾ ಹೈಕ್ರಾಸ್ 4,755 ಮಿ.ಮೀ. ಉದ್ದವಿದ್ದು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೇ 2,850 ಮಿ.ಮೀ. ಇರುವುದರಿಂದ, ಮೂರೂ ಕಾರುಗಳ ಪೈಕಿ ವಯಸ್ಕರು ಕೊನೆಯ ಸಾಲಿನಲ್ಲಿ ನೆಮ್ಮದಿಯಾಗಿ ದೂರ ಪ್ರಯಾಣ ಮಾಡಬಹುದಾದದ್ದು ಇದರಲ್ಲಿಯೇ. ಇದರ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ) ಮಾದರಿಯು ನಿಧಾನಗತಿಯಲ್ಲಿ ಬಹುಪಾಲು ವಿದ್ಯುತ್ ಮೋಟಾರಿನಿಂದಲೇ ಸಾಗುವ ಕಾರಣ, ಬೆಂಗಳೂರಿನಂಥ ದಟ್ಟಣೆಯಲ್ಲಿ ಪೆಟ್ರೋಲ್ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ. ಆದರೆ ಬೆಲೆ ಹೆಚ್ಚು, ಡೀಸೆಲ್ ಆಯ್ಕೆಯೂ ಇಲ್ಲ.

ಮಹೀಂದ್ರಾ ಎಕ್ಸ್‌ಯುವಿ 700ರ ಬಲವಿರುವುದು 2.2 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ. ಶಿರಾಡಿ ಘಾಟಿಯನ್ನು ಪದೇ ಪದೇ ಹತ್ತಿಳಿಯುವವರಿಗೆ ನಾನು ಇದನ್ನೇ ಸೂಚಿಸುವೆ. ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2021ರ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ 5 ನಕ್ಷತ್ರ ಪಡೆದದ್ದೂ ಸಣ್ಣ ಮಾತಲ್ಲ. ಕೊನೆಯ ಸಾಲು ಮಾತ್ರ ಮಕ್ಕಳಿಗಷ್ಟೇ ಸರಿ.

ಕಿಯಾ ಕ್ಯಾರೆನ್ಸ್ 4,540 ಮಿ.ಮೀ.ನಷ್ಟೇ ಉದ್ದವಿದ್ದರೂ ಅದರ ಚಕ್ರಾಂತರ 2,780 ಮಿ.ಮೀ., ಅಂದರೆ ಎಕ್ಸ್‌ಯುವಿಗಿಂತ 30 ಮಿ.ಮೀ. ಹೆಚ್ಚು! ನೆಲಮಟ್ಟ ತಗ್ಗಾಗಿರುವುದರಿಂದ ಮಂಡಿನೋವಿರುವ ಹಿರಿಯರು ಸುಲಭವಾಗಿ ಹತ್ತಿ ಇಳಿಯಬಹುದು. ಬೆಲೆಯೂ ಮೂರರಲ್ಲಿ ಕಡಿಮೆ. ಏಳು ಜನ ಕುಳಿತಾಗ ಸಾಮಾನಿಗೆ 216 ಲೀಟರ್ ಜಾಗವಷ್ಟೇ ಉಳಿಯುವುದರಿಂದ, ಊರಿಗೆ ಹೊರಡುವಾಗ ಚಾವಣಿಯ ಮೇಲೆ ಕ್ಯಾರಿಯರ್ ಬೇಕಾದೀತು.