ಸೆಖ್ಮೆಟ್‌ನಿಂದ ಮೆರೆಟ್‌ಸೆಗರ್‌ವರೆಗೆ: ಟ್ಯೂರಿನ್ನಿನ ಈಜಿಪ್ಟ್ ವಸ್ತುಸಂಗ್ರಹಾಲಯ

ಈಜಿಪ್ಟಿನ ದೇವತೆಗಳೆಂದರೆ ನರಿಯ ತಲೆ, ಗಿಡುಗನ ತಲೆ, ಸಿಂಹದ ತಲೆ ಹೊತ್ತ ವಿಚಿತ್ರ ರೂಪಗಳು ಎಂದಷ್ಟೇ ತಿಳಿದವರಿಗೆ ಇಟಲಿಯ ಟ್ಯೂರಿನ್ ನಗರದಲ್ಲಿರುವ ‘ಮುಸೆಯೊ ಎಜಿತ್ಸಿಯೊ’ ಅದಕ್ಕಿಂತ ಬಹಳ ಹೆಚ್ಚಿನದನ್ನು ಕೊಡುತ್ತದೆ. ಆ ದೇವತೆಗಳನ್ನು ಜನ ಹೇಗೆ ಕರೆದರು, ಯಾವ ಕಷ್ಟದಲ್ಲಿ ನೆನೆದರು, ಯಾವ ತಪ್ಪಿಗೆ ಕ್ಷಮೆ ಬೇಡಿದರು ಎಂಬುದನ್ನು ಇಷ್ಟು ಹತ್ತಿರದಿಂದ ಕಾಣಿಸುವ ಸಂಗ್ರಹವನ್ನು ನಾನು ಬೇರೆಲ್ಲೂ ನೋಡಿಲ್ಲ. ಪುರಾಣಗಳಲ್ಲಿ ಆಸಕ್ತಿ ಇರುವವರು ಇದಕ್ಕಾಗಿ ಒಂದು ಪೂರ್ಣ ದಿನವನ್ನು ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಂಗ್ರಹಾಲಯ ಆರಂಭವಾದದ್ದು 1824ರಲ್ಲಿ. ಈಜಿಪ್ಟಿನಲ್ಲಿ ಫ್ರಾನ್ಸಿನ ರಾಯಭಾರ ಕಾರ್ಯದಲ್ಲಿದ್ದ, ಹುಟ್ಟಿನಿಂದ ಟ್ಯೂರಿನ್ ಸೇರಿರುವ ಪ್ರಾಂತವಾದ ಪೀಡ್‌ಮಾಂಟಿನವನಾದ ಬರ್ನಾರ್ಡಿನೊ ಡ್ರೊವೆಟ್ಟಿ ಕೂಡಿಹಾಕಿದ್ದ ಐದು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಸವಾಯ್ ಮನೆತನದ ದೊರೆ ಕಾರ್ಲೊ ಫೆಲಿಚೆ ಕೊಂಡುಕೊಂಡ. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಷಾಂಪೊಲಿಯನ್ ಅದೇ ವರ್ಷ ಇಲ್ಲಿಗೆ ಬಂದು ಕೆಲಸ ಮಾಡಿದ. ಮುಂದೆ ಸಂಗ್ರಹಾಲಯದ ನಿರ್ದೇಶಕ ಎರ್ನೆಸ್ಟೊ ಸ್ಕಿಯಾಪರೆಲ್ಲಿ 20ನೆಯ ಶತಮಾನದ ಆರಂಭದಲ್ಲಿ ನಡೆಸಿದ ಉತ್ಖನನಗಳಿಂದ ಸಂಗ್ರಹ ಇನ್ನಷ್ಟು ಬೆಳೆಯಿತು.

ಹೆಚ್ಚಿನವರು ಇಲ್ಲಿಗೆ ಬರುವುದು ‘ರಾಜರ ಗ್ಯಾಲರಿ’ಯ ಮಹಾಶಿಲ್ಪಗಳಿಗಾಗಿ. 2006ರಿಂದ ಈ ಗ್ಯಾಲರಿಯಲ್ಲಿ ಕತ್ತಲೆಯ ನಡುವೆ ಒಂದೊಂದು ವಿಗ್ರಹದ ಮೇಲೆ ಮಾತ್ರ ಬೆಳಕು ಚೆಲ್ಲುವ, ರಂಗಮಂದಿರವನ್ನು ಹೋಲುವ ವಿನ್ಯಾಸವಿತ್ತು. ದ್ವಿಶತಮಾನೋತ್ಸವದ ಸಂದರ್ಭದಲ್ಲಿ, 2024ರ ಕೊನೆಗೆ, ಅದನ್ನು ತೆಗೆದು ಹಳೆಯ ಕಟ್ಟಡದ ಕಿಟಕಿಗಳನ್ನು ತೆರೆದು ಹಗಲಿನ ಬೆಳಕನ್ನು ಒಳಗೆ ಬಿಟ್ಟಿದ್ದಾರೆ. ಈ ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸಿಂಹಮುಖದ ದೇವಿ ಸೆಖ್ಮೆಟ್‌ಳ 21 ವಿಗ್ರಹಗಳು ಇಲ್ಲಿವೆ, ಕೆಲವು ಕುಳಿತ ಭಂಗಿಯಲ್ಲಿ, ಕೆಲವು ನಿಂತ ಭಂಗಿಯಲ್ಲಿ. ಕಿಟಕಿಯ ಬೆಳಕು ಕಪ್ಪು ಕಲ್ಲಿನ ಮೇಲೆ ಜಾರುವಾಗ ಕೇಸರದ ಗೆರೆಗಳು, ಮೂತಿಯ ತಿರುವು, ತೊಡೆಯ ಮೇಲಿಟ್ಟ ಅಂಗೈಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ, ಮತ್ತು ಒಂದೇ ಅಚ್ಚಿನವು ಎಂದು ಮೊದಲ ನೋಟಕ್ಕೆ ತೋರಿದ ವಿಗ್ರಹಗಳ ನಡುವೆ ಶಿಲ್ಪಿಗಳ ಕೈ ಬೇರೆ ಬೇರೆ ಎಂಬುದು ತಿಳಿಯುತ್ತದೆ.

ಈಜಿಪ್ಟಿನ ಅರಸ ಮೂರನೆಯ ಅಮೆನ್‌ಹೊಟೆಪ್ ಸೆಖ್ಮೆಟ್‌ಳ ವಿಗ್ರಹಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದ. ಅದರ ಹಿಂದಿನ ಭಯ ಅರ್ಥವಾಗಬೇಕಾದರೆ ಕಥೆಯನ್ನು ತಿಳಿದಿರಬೇಕು. ತನ್ನ ವಿರುದ್ಧ ಸಂಚು ಹೂಡಿದ ಮನುಷ್ಯರನ್ನು ಶಿಕ್ಷಿಸಲು ಸೂರ್ಯದೇವ ರಾ ತನ್ನ ಕಣ್ಣನ್ನೇ ದೇವಿಯ ರೂಪದಲ್ಲಿ ಕಳುಹಿಸುತ್ತಾನೆ. ರಕ್ತದ ರುಚಿ ಹತ್ತಿದ ಅವಳು ನಿಲ್ಲದಿದ್ದಾಗ, ಏಳು ಸಾವಿರ ಕೊಡಗಳಷ್ಟು ಬಿಯರ್‌ಗೆ ಕೆಂಪು ಬಣ್ಣ ಬೆರೆಸಿ ಹೊಲಗಳಲ್ಲಿ ಸುರಿಸಲಾಗುತ್ತದೆ. ರಕ್ತವೆಂದು ಕುಡಿದು ಅವಳು ಮತ್ತಳಾಗುತ್ತಾಳೆ, ಮನುಕುಲ ಉಳಿಯುತ್ತದೆ. ಸಾಂಕ್ರಾಮಿಕ ರೋಗವನ್ನು ತರುವವಳೂ ಅವಳೇ, ವಾಸಿ ಮಾಡುವವಳೂ ಅವಳೇ. ಮಾರಿಯಮ್ಮನನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸಂಗ್ರಹದಲ್ಲಿ ಕುಳಿತ ಅಮುನ್ ದೇವನ ಪಕ್ಕದಲ್ಲಿ ಅವನಿಗಿಂತ ಚಿಕ್ಕವನಾಗಿ ನಿಂತ ಟುಟಂಖಾಮುನ್‌ನ ಶಿಲ್ಪವಿದೆ. ಸೂರ್ಯಬಿಂಬವಾದ ಅಟೆನ್ ಒಂದನ್ನೇ ಪೂಜಿಸಿದ ಅರಸ ಅಖೆನಾಟೆನ್ ಅಮುನ್‌ನ ಹೆಸರನ್ನು ಗೋಡೆಗೋಡೆಗಳಿಂದ ಕೆತ್ತಿ ತೆಗೆಸಿದ್ದ. ಅವನ ನಂತರ ಬಂದ ಎಳೆಯ ರಾಜ, ಮರಳಿ ಪಟ್ಟಕ್ಕೆ ಬಂದ ದೇವರ ಬೆನ್ನಿಗೆ ತೋಳು ಚಾಚಿ ನಿಂತಿದ್ದಾನೆ. ಶಿಲ್ಪದ ಮೇಲೆ ಆಮೇಲಿನ ಅರಸ ಹೊರೆಮ್‌ಹೆಬ್‌ನ ಹೆಸರಿದೆ.

ಇಷ್ಟಾದರೂ, ಈ ಸಂಗ್ರಹಾಲಯದ ಜೀವಾಳ ಇರುವುದು ಡೇರ್ ಎಲ್-ಮದೀನಾದ ವಸ್ತುಗಳಲ್ಲಿ ಎಂದೇ ನಾನು ಹೇಳುತ್ತೇನೆ. ರಾಜರ ಕಣಿವೆಯ ಸಮಾಧಿಗಳನ್ನು ಕೊರೆದ, ಬಣ್ಣ ಬಳಿದ ಕುಶಲಕರ್ಮಿಗಳ ಊರು ಅದು. ಅಲ್ಲಿನವರಲ್ಲಿ ಓದು ಬರಹ ಬಲ್ಲವರು ಹಲವರಿದ್ದರು. ಹಾಗಾಗಿ ಅವರ ಭಕ್ತಿ ಅವರದೇ ಮಾತಿನಲ್ಲಿ ಉಳಿದಿದೆ. ಊರಿನ ಮೇಲೆ ಚಾಚಿಕೊಂಡ ಬೆಟ್ಟದ ಶಿಖರವೇ ಅವರಿಗೆ ಮೆರೆಟ್‌ಸೆಗರ್ ಎಂಬ ನಾಗದೇವತೆ. ನೆಫೆರಾಬು ಎಂಬ ಕೆಲಸಗಾರ ಅವಳಿಗೆ ಅರ್ಪಿಸಿದ ಕಲ್ಲು ಈ ಸಂಗ್ರಹದಲ್ಲಿದೆ. ಒಳಿತು ಕೆಡುಕು ತಿಳಿಯದ ಅಜ್ಞಾನಿಯಾಗಿ ತಾನು ಶಿಖರದ ವಿಷಯದಲ್ಲಿ ತಪ್ಪಿ ನಡೆದೆನೆಂದೂ, ಅವಳ ಕೈಯಲ್ಲಿ ಸಿಕ್ಕಿ ಹೆರಿಗೆಯ ನೋವಿನಲ್ಲಿರುವ ಹೆಂಗಸಿನಂತೆ ಉಸಿರಿಗಾಗಿ ತೊಳಲಾಡಿದೆನೆಂದೂ ಅವನು ಬರೆಸಿದ್ದಾನೆ. ಶಿಖರದೊಳಗೆ ಸಿಂಹವಿದೆ, ಎಚ್ಚರವಾಗಿರಿ ಎಂದು ಊರಿನವರಿಗೆಲ್ಲ ಹೇಳುತ್ತಾನೆ. ಕೊನೆಗೆ ಅವಳು ತಂಗಾಳಿಯಾಗಿ ಬಂದು ತನ್ನ ನೋವನ್ನು ಮರೆಸಿದಳೆನ್ನುತ್ತಾನೆ. ಆಳೆತ್ತರದ ವಿಗ್ರಹಗಳ ಮುಂದೆ ಆಗದ ಕಂಪನ ಈ ಚಿಕ್ಕ ಕಲ್ಲಿನ ಮುಂದೆ ನನಗಾಯಿತು, ಏಕೆಂದರೆ ಇಲ್ಲಿ ಮಾತನಾಡುತ್ತಿರುವವನು ಅರಸನಲ್ಲ, ಪುರೋಹಿತನೂ ಅಲ್ಲ.

ಅದೇ ಊರಿನ ರಾಮೋಸೆ ಎಂಬವನ ಇನ್ನೊಂದು ಕಲ್ಲಿನಲ್ಲಿ ಸಿಂಹದ ಮೇಲೆ ನಿಂತ ಕದೆಶ್ ದೇವಿಯ ಒಂದು ಪಕ್ಕದಲ್ಲಿ ಈಜಿಪ್ಟಿನ ಮಿನ್ ಇದ್ದರೆ, ಮತ್ತೊಂದು ಪಕ್ಕದಲ್ಲಿ ರೆಶೆಪ್ ಇದ್ದಾನೆ. ಕದೆಶ್ ಮತ್ತು ರೆಶೆಪ್ ಇಬ್ಬರೂ ಸಿರಿಯಾ ಕಡೆಯಿಂದ ಬಂದವರು. ಪರನಾಡಿನ ದೇವತೆಗಳನ್ನು ತಮ್ಮವರನ್ನಾಗಿ ಮಾಡಿಕೊಂಡ ಪರಿಯನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಹಸ್ತಪ್ರತಿಗಳ ವಿಷಯದಲ್ಲಿಯೂ ಟ್ಯೂರಿನ್ ಶ್ರೀಮಂತ. ಈಜಿಪ್ಟಿನ ಅರಸರ ಪ್ರಸಿದ್ಧ ಪಟ್ಟಿ ಇಲ್ಲಿನದೇ; ಮನುಷ್ಯ ರಾಜರಿಗಿಂತ ಮೊದಲು ನಾಡನ್ನು ಆಳಿದವರೆಂದು ಗೆಬ್, ಒಸಿರಿಸ್, ಸೆತ್, ಹೋರಸ್ ಮೊದಲಾದ ದೇವತೆಗಳ ಹೆಸರುಗಳು ಅದರಲ್ಲಿ ಬರುತ್ತವೆ. ದೇವಿ ಐಸಿಸ್ ಮಣ್ಣಿನಿಂದ ಹಾವನ್ನು ಮಾಡಿ ರಾನನ್ನು ಕಚ್ಚಿಸಿ, ವಿಷವಿಳಿಸಲು ಅವನ ಗುಟ್ಟಿನ ಹೆಸರನ್ನು ಕೇಳಿ ಪಡೆದ ಕಥೆಯೂ ಇಲ್ಲಿನ ಒಂದು ಪಪೈರಸ್‌ನಲ್ಲಿದೆ. ವಿಷ ಇಳಿಸುವ ಮಂತ್ರದ ಭಾಗವಾಗಿಯೇ ಆ ಕಥೆಯನ್ನು ಹೇಳುತ್ತಿದ್ದರು ಎಂಬುದನ್ನು ಮರೆತರೆ ಅದರ ಅರ್ಧ ಸತ್ವ ಕಳೆದುಹೋಗುತ್ತದೆ.

ಒಂದು ಮಿತಿಯನ್ನು ಹೇಳಬೇಕು. ವಸ್ತುಗಳನ್ನು ಕಾಲಕ್ಕೂ ಅಗೆದ ಸ್ಥಳಕ್ಕೂ ಅನುಗುಣವಾಗಿ ಜೋಡಿಸಲಾಗಿದೆಯೇ ಹೊರತು ದೇವತೆಗಳಿಗೆ ಅನುಗುಣವಾಗಿ ಅಲ್ಲ. ಪುರಾತತ್ತ್ವದ ದೃಷ್ಟಿಯಿಂದ ಅದೇ ಸರಿ. ಆದರೆ ಒಸಿರಿಸ್ ಒಬ್ಬನನ್ನೇ ಹಿಂಬಾಲಿಸಲು ಬಯಸುವವರು ಮಹಡಿಯಿಂದ ಮಹಡಿಗೆ ತಾವೇ ಎಳೆಗಳನ್ನು ಜೋಡಿಸಿಕೊಳ್ಳಬೇಕು. ಮುಖ್ಯ ದೇವತೆಗಳ ಹೆಸರು, ಕಿರೀಟ, ಕೈಯಲ್ಲಿನ ಲಾಂಛನಗಳನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು.

ನೋಡುವ ದಾರಿ ಮೇಲಿನ ಮಹಡಿಯಿಂದ ಕೆಳಕ್ಕೆ ಇಳಿಯುತ್ತದೆ. ರಾಜರ ಗ್ಯಾಲರಿ ಕೊನೆಗೆ ಬರುವುದರಿಂದ ಅಲ್ಲಿಗಾಗಿ ಸಮಯ ಉಳಿಸಿಕೊಳ್ಳಬೇಕು, ಆದರೆ ಅದಕ್ಕಾಗಿ ಡೇರ್ ಎಲ್-ಮದೀನಾದ ಕೋಣೆಗಳನ್ನು ಅವಸರದಲ್ಲಿ ದಾಟಬಾರದು. ಎಲ್ಲೆಸಿಯಾದ ಬಂಡೆಗುಡಿಯನ್ನೂ ತಪ್ಪಿಸಿಕೊಳ್ಳಬೇಡಿ. ಮೂರನೆಯ ಥುಟ್ಮೋಸ್ ಕೊರೆಸಿದ ಈ ಗುಡಿ ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿತ್ತು; ಈಜಿಪ್ಟಿನ ದಕ್ಷಿಣದ ನೂಬಿಯಾ ಪ್ರದೇಶದ ಸ್ಮಾರಕಗಳನ್ನು ಉಳಿಸಲು ನೆರವಾದ ಇಟಲಿಗೆ ಈಜಿಪ್ಟ್ ಇದನ್ನು ಕೊಡುಗೆಯಾಗಿ ಕೊಟ್ಟಿತು, 1970ರಿಂದ ಇದು ಇಲ್ಲಿ ತೆರೆದಿದೆ. ಕಟ್ಟಡ ಪೋರ್ಟಾ ನುವೊವಾ ರೈಲು ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ, ಟಿಕೆಟನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕಾಯ್ದಿರಿಸಬಹುದು. ಇಟಲಿಯವರೆಗೆ ಹೋಗಲಾಗದವರಿಗೂ ಸಂಗ್ರಹದ ಅನೇಕ ವಸ್ತುಗಳ ಛಾಯಾಚಿತ್ರ ಮತ್ತು ವಿವರಗಳು ಸಂಗ್ರಹಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.